ಮನೆಯ ಕಷ್ಟ ಮುಚ್ಚಿಟ್ಟರೆ ಮಗುವಿನ ಹಕ್ಕಿಗೇ ಕತ್ತರಿ

ಗಮನ ನಿಲ್ಲದ, ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಮಕ್ಕಳ ತಂದೆ ತಾಯಿ ನಮ್ಮಂಥ ವಕೀಲರನ್ನು ಹುಡುಕಿಕೊಂಡು ಬರುವುದು ಹೆಚ್ಚಾಗಿ ಎಲ್ಲ ಮುಗಿದ ಮೇಲೆ. ಶಾಲೆಯವರು ಟಿ.ಸಿ. ಕೈಗಿಟ್ಟಿರುತ್ತಾರೆ. ಆಸ್ಪತ್ರೆಯವರು ಪ್ರಮಾಣಪತ್ರದಲ್ಲಿ ಶೇ. 25 ಎಂದು ಬರೆದಿರುತ್ತಾರೆ. ದುಡ್ಡು ಪಡೆದ ಏಜೆಂಟ್ ಫೋನ್ ಎತ್ತುವುದನ್ನು ಬಿಟ್ಟಿರುತ್ತಾನೆ. ಕಡತ ಬಿಚ್ಚಿ ನೋಡಿದರೆ ಕಾನೂನು ಅವರ ಪರವಾಗಿಯೇ ಇತ್ತು. ಕಳೆದುಕೊಂಡದ್ದು ಆಸ್ಪತ್ರೆಯ ಒಂದು ಕೋಣೆಯಲ್ಲಿ, ಸ್ವಲ್ಪ ಹೊತ್ತಿನ ಮಾತಿನಲ್ಲಿ.

ಆ ಕೋಣೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಕಹಿ ಸಂಗತಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆಟಿಸಂ ಇದೆ, ಬೌದ್ಧಿಕ ಅಂಗವೈಕಲ್ಯ ಇದೆ, ಓದು, ಬರಹ, ಲೆಕ್ಕದಲ್ಲಿ ಎಡವುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಗಮನ ನಿಲ್ಲದ ಮಕ್ಕಳಿಗೆ ವೈದ್ಯರು ಹೇಳುವ ಎಡಿಎಚ್‌ಡಿ ಇಲ್ಲ. ಹಾಗಾಗಿ "ಎಡಿಎಚ್‌ಡಿ" ಎಂದಷ್ಟೇ ಬರೆದ ಚೀಟಿ ಹಿಡಿದು ವೈದ್ಯಕೀಯ ಮಂಡಳಿಯ ಮುಂದೆ ನಿಂತರೆ ವಾಪಸ್ ಕಳಿಸುತ್ತಾರೆ. ಆದರೆ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಕಲಿಕಾ ನ್ಯೂನತೆಯೋ ಆಟಿಸಮ್ಮೋ ಜೊತೆಗಿರುವುದು ಸಾಮಾನ್ಯ. ಎಡಿಎಚ್‌ಡಿಗೆ ಮಾತ್ರೆ ಬರೆದು ಕಳಿಸುವ ವೈದ್ಯರು ಅವನ್ನೂ ತಾವಾಗಿ ಪರೀಕ್ಷಿಸಿರುತ್ತಾರೆ ಎಂದು ನಂಬಬೇಡಿ. "ಬೇರೆ ತೊಂದರೆಗಳಿವೆಯೇ ನೋಡಿ, ಕಂಡದ್ದೆಲ್ಲ ಬರೆದುಕೊಡಿ" ಎಂದು ನೀವೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ದೂರವಾದರೆ ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸುವ ಡಿಇಐಸಿ ಎಂಬ ವಿಭಾಗವಿರುತ್ತದೆ, ಅಲ್ಲಿಂದಲೇ ಶುರು ಮಾಡಿ.

ಕಲಿಕಾ ನ್ಯೂನತೆಗೆ ಇನ್ನೊಂದು ತಡೆ ಇದೆ. ಎಂಟು ವರ್ಷ ತುಂಬುವ ಮೊದಲು ಅದರ ಪ್ರಮಾಣಪತ್ರ ಕೊಡುವುದಿಲ್ಲ. ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಿಕ್ಷಕರೇ ಮಕ್ಕಳನ್ನು ತಪಾಸಣೆ ಮಾಡಬೇಕು, ಶಾಲೆಯಲ್ಲಿ ಮುಖ್ಯಸ್ಥರ ನೇತೃತ್ವದ ಸಮಿತಿ ಇರಬೇಕು ಎಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ಈ ಮಾತೆತ್ತಿದಾಗ ಪಿಳಿಪಿಳಿ ಕಣ್ಣು ಬಿಟ್ಟ ಮುಖ್ಯೋಪಾಧ್ಯಾಯರನ್ನು ನೋಡಿದ್ದೇನೆ. ಅವರು ಮಾಡುವುದಿಲ್ಲ, ನೀವು ಬರವಣಿಗೆಯಲ್ಲಿ ಕೇಳಿ.

ಅರ್ಜಿ ಹಾಕುವುದು ಸುಲಭ. ಕೇಂದ್ರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಪ್ರಮಾಣಪತ್ರಕ್ಕೂ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೂ ಒಂದೇ ಅರ್ಜಿ. ಅರ್ಜಿಗೆ ಶುಲ್ಕವಿಲ್ಲ. ಸೈಬರ್ ಅಂಗಡಿಯವನಿಗೆ ಟೈಪು ಮಾಡಿದ ಕೂಲಿ ಕೊಡಿ, ಅಷ್ಟೇ. "ಡಾಕ್ಟರಿಗೆ ಕೊಡಬೇಕು, ಪರ್ಸೆಂಟೇಜ್ ಜಾಸ್ತಿ ಮಾಡಿಸ್ತೀನಿ" ಎನ್ನುವವನಿಗೆ ಬಿಡಿಗಾಸೂ ಬೇಡ. ಸುಳ್ಳು ಹೇಳಿ ಅಂಗವಿಕಲರ ಸೌಲಭ್ಯ ಪಡೆದರೆ ಅದೇ ಕಾಯ್ದೆಯ 91ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಬೀಳಬಹುದು. ಸಿಕ್ಕಿಬೀಳುವುದು ಏಜೆಂಟ್ ಅಲ್ಲ, ಅರ್ಜಿಯಲ್ಲಿ ಹೆಸರಿರುವ ನೀವು. ದಾರಿ ತೋರಿಸಲು ಗೌರವಧನ ಪಡೆಯುವ ಪುನರ್ವಸತಿ ಕಾರ್ಯಕರ್ತರು ಬೇರೆ ಇದ್ದಾರೆ: ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ. ಹೆಚ್ಚಿನವರು ಸ್ವತಃ ಅಂಗವಿಕಲರು, ಕಚೇರಿಯ ಮೆಟ್ಟಿಲು ಹತ್ತುವ ಕಷ್ಟ ಬಲ್ಲವರು.

ಈಗ ಆ ಕೋಣೆ.

ಬೌದ್ಧಿಕ ಅಂಗವೈಕಲ್ಯ ಅಳೆಯುವಾಗ ಬುದ್ಧಿಮಟ್ಟದ ಪರೀಕ್ಷೆಯೊಂದೇ ಸಾಲದು. ಮಗು ಮನೆಯಲ್ಲಿ ಹೇಗೆ ಬದುಕುತ್ತದೆ ಎಂಬುದನ್ನೂ ಅಳೆಯುತ್ತಾರೆ. ವೈನ್‌ಲ್ಯಾಂಡ್ ಮಾಪಕದ ಭಾರತೀಯ ಆವೃತ್ತಿಯಲ್ಲಿ 89 ಅಂಶಗಳಿವೆ: ಊಟ, ಬಟ್ಟೆ, ಓಡಾಟ, ಮಾತು, ಬೇರೆಯವರೊಂದಿಗೆ ಬೆರೆಯುವುದು. ಉತ್ತರ ಬಹುಪಾಲು ಬರುವುದು ತಂದೆ ತಾಯಿಯ ಬಾಯಿಂದ. 2018ರ ಕೋಷ್ಟಕದಲ್ಲಿ ಈ ಅಂಕ 55ರಿಂದ 69ರೊಳಗಿದ್ದರೆ ಅಂಗವೈಕಲ್ಯ ಶೇ. 50, 70ರಿಂದ 84 ಇದ್ದರೆ ಶೇ. 25. ಅಂದರೆ ಒಂದೇ ಒಂದು ಅಂಕ ಮೇಲೆ ಹೋದರೆ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಮೀಸಲಾತಿಯಿರಲಿ, ತೆರಿಗೆ ವಿನಾಯಿತಿಯಿರಲಿ, 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದ ಹಕ್ಕಿರಲಿ, ಬಾಗಿಲು ತೆರೆಯುವುದು ಶೇ. 40ಕ್ಕೆ. 2024ರ ಮಾರ್ಚ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿದೆ, ಆದ್ದರಿಂದ ಹಳೆಯ ಕೋಷ್ಟಕ ಹಿಡಿದು ಮನೆಯಲ್ಲೇ ಲೆಕ್ಕ ಹಾಕಿ ಕೂರಬೇಡಿ. ಮಗುವಿನ ದಿನಚರಿಯನ್ನು ನಿಮ್ಮನ್ನೇ ಕೇಳುತ್ತಾರೆ ಎಂಬುದನ್ನಷ್ಟೇ ನೆನಪಿಡಿ.

ಆಟಿಸಮ್ಮಿಗೆ ಬಳಸುವ ಐಸಾ ಮಾಪಕವೂ ಹೀಗೆಯೇ. 40 ಅಂಶಗಳು, ಒಂದೊಂದಕ್ಕೂ ಒಂದರಿಂದ ಐದು ಅಂಕ. ಆ ನಡವಳಿಕೆ ಎಷ್ಟು ಸಲ ಕಾಣುತ್ತದೆ ಎನ್ನುವುದರ ಮೇಲೆ ಅಂಕ. ನೀವು ಸಂಕೋಚಕ್ಕೆ "ಯಾವಾಗಲೋ ಒಮ್ಮೆ" ಅಂದರೆ ಅಲ್ಲಿಗೆ ಒಂದು ಅಂಕ.

ಅಲ್ಲಿ ನಡೆಯುವುದನ್ನು ಕೇಳಿ. "ತಾನೇ ಊಟ ಮಾಡ್ತಾನಾ?" "ಮಾಡ್ತಾನೆ ಸರ್." "ಬಟ್ಟೆ?" "ಹಾಕ್ಕೊಳ್ತಾನೆ." ತಾಯಿ ಸುಳ್ಳು ಹೇಳುತ್ತಿಲ್ಲ. ತಟ್ಟೆಯ ಮುಂದೆ ಮುಕ್ಕಾಲು ಗಂಟೆ ಕೂತು, ತುತ್ತುತುತ್ತಿಗೂ "ಬಾಯಿಗೆ ಹಾಕೋ, ನುಂಗು" ಎಂದು ಆಕೆ ಹೇಳುತ್ತಿರುವುದು, ಗುಂಡಿಯೆಲ್ಲ ಆಕೆಯೇ ಹಾಕಿ ಕೊನೆಯದೊಂದನ್ನು ಅವನಿಗೆ ಬಿಡುವುದು, ಇದೆಲ್ಲ ಅಭ್ಯಾಸವಾಗಿ ಹೋಗಿ ಆಕೆಗೇ ಕಾಣುವುದಿಲ್ಲ. ಅದರ ಮೇಲೆ ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ. ಮಗನನ್ನು ನಾಲ್ಕು ಜನರೆದುರು ಬಿಟ್ಟುಕೊಡಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಮಗಳಾದರೆ ಮುಂದೆ ಮದುವೆಯ ಚಿಂತೆ ಬೇರೆ. ಕೇಳುವವರಿಗೋ ಹೊರಗೆ ಇನ್ನೂ ಅಷ್ಟು ಜನ ಕಾಯುತ್ತಿದ್ದಾರೆ. "ಎಷ್ಟು ಸಲ ಹೇಳಬೇಕಮ್ಮ?" ಎಂಬ ಮರುಪ್ರಶ್ನೆ ಕೇಳಬೇಕಾದವರು ಅವರು. ಎಷ್ಟೋ ಕಡೆ ಕೇಳುವುದಿಲ್ಲ, ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಇನ್ನೊಂದು ತಪ್ಪು, ಕಚೇರಿ ಕೆಲಸವೆಂದರೆ ಗಂಡಸರದು ಎಂದು ಅಪ್ಪನೊಬ್ಬನೇ ಹೋಗುವುದು. ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವನಿಗೆ ಮಗ ಹಲ್ಲುಜ್ಜುವುದು ಹೇಗೆಂದು ಏನು ಗೊತ್ತು? ಮಗುವನ್ನು ದಿನವಿಡೀ ನೋಡಿಕೊಳ್ಳುವವರು ಹೋಗಬೇಕು. ಅದು ಅಜ್ಜಿಯಾದರೆ ಅಜ್ಜಿ.

ಹಾಗಾಗಿ ಮೌಲ್ಯಮಾಪನದ ದಿನಾಂಕಕ್ಕೆ ಎರಡು ಮೂರು ವಾರ ಮೊದಲೇ ಒಂದು ನೋಟ್‌ಬುಕ್ ಇಡಿ. ಚೆಂದದ ಬರಹ ಬೇಕಿಲ್ಲ. ಏಳಿಸಲು ಎಷ್ಟು ಹೊತ್ತು, ಪೇಸ್ಟ್ ಹಾಕಿದ್ದು ಯಾರು, ಸ್ನಾನದಲ್ಲಿ ತಲೆಗೆ ನೀರು ಹೊಯ್ದವರು ಯಾರು, ಒಂದು ಪುಟ ಹೋಂವರ್ಕಿಗೆ ಎಷ್ಟು ಸಲ ಎದ್ದು ಓಡಿದ. ರಸ್ತೆಯಲ್ಲಿ ಮಣಿಕಟ್ಟು ಹಿಡಿದೇ ನಡೆಯಬೇಕೇ? ಗೇಟಿನ ಚಿಲಕ ಮೇಲಕ್ಕೆ ಹಾಕಿಸಿದ್ದೀರಾ, ಸಿಲಿಂಡರ್ ರೆಗ್ಯುಲೇಟರ್ ಪ್ರತಿ ಸಲ ಮುಚ್ಚುತ್ತೀರಾ? ಬರೆಯಿರಿ. ರಾತ್ರಿ ಎಷ್ಟು ಗಂಟೆಗೆ ಮಲಗಿದ, ಎದ್ದು ಕೂತವರು ಯಾರು? ಅದನ್ನೂ ಬರೆಯಿರಿ. "ತಾನೇ ಮಾಡುತ್ತಾನೆ", "ಹೇಳಿದರೆ ಮಾಡುತ್ತಾನೆ", "ಕೈ ಹಿಡಿದು ಮಾಡಿಸಬೇಕು", ಈ ಮೂರರಲ್ಲಿ ಯಾವುದು ಎಂಬುದು ಪ್ರತಿ ಸಾಲಿನಲ್ಲೂ ಇರಲಿ. ಅವನು ಚೆನ್ನಾಗಿ ಮಾಡಿದ ದಿನವನ್ನೂ ಬಿಡಬೇಡಿ. ಒಳ್ಳೆಯ ದಿನವೇ ಇಲ್ಲದ ನೋಟ್‌ಬುಕ್ ಯಾರಿಗಾದರೂ ಅನುಮಾನ ಹುಟ್ಟಿಸುತ್ತದೆ, ಮೇಲೆ ಹೇಳಿದ 91ನೇ ಕಲಮು ಮರೆಯಬೇಡಿ. ಹಟ, ಕಿರುಚಾಟದ ಒಂದೆರಡು ಮೊಬೈಲ್ ವಿಡಿಯೊ ವೈದ್ಯರಿಗೆ ತೋರಿಸಲು ಇರಲಿ, ಕುಟುಂಬದ ವಾಟ್ಸಾಪ್ ಗುಂಪಿಗೆ ಬೇಡ. ಶಾಲೆಯ ಡೈರಿಯಲ್ಲಿ ಟೀಚರ್ ಬರೆದ ದೂರುಗಳಿಗೆ ಇಲ್ಲಿಯವರೆಗೆ ಅವಮಾನಪಟ್ಟಿದ್ದೀರಿ. ಅವು ಪುರಾವೆ, ಜೆರಾಕ್ಸ್ ಮಾಡಿಸಿಕೊಳ್ಳಿ. ಮೌಲ್ಯಮಾಪನದ ದಿನ ಮಾತ್ರೆ ನಿಲ್ಲಿಸಿ ಎನ್ನುವ ಬುದ್ಧಿವಂತರಿದ್ದಾರೆ. ವೈದ್ಯರು ಹೇಳದೆ ನಿಲ್ಲಿಸಬೇಡಿ.

ಪ್ರಮಾಣ ಕಡಿಮೆ ಬಂತು, ಅಥವಾ "ಇಲ್ಲ ಹೋಗಿ" ಅಂದರು. ಬಾಯಿಮಾತಿಗೆ ಎದ್ದು ಬರಬೇಡಿ. ನಿರಾಕರಿಸುವುದಾದರೆ ಕಾರಣ ಸಹಿತ ಲಿಖಿತವಾಗಿ ತಿಳಿಸಬೇಕು ಎಂದು ಅಂಗವಿಕಲರ ಕಾಯ್ದೆಯ 2017ರ ನಿಯಮಗಳಲ್ಲಿದೆ, ಅದಕ್ಕೆಂದೇ ನಮೂನೆಯೂ ಇದೆ. ಹಿಂಬರಹ ಕೇಳಿ. ಅದು ಕೈಗೆ ಬಂದರೆ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಹಿಂಬರಹ ಕೊಡದಿದ್ದರೆ ಟಪಾಲು ವಿಭಾಗದಲ್ಲಿ ಒಂದು ಪತ್ರ ಕೊಟ್ಟು ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಪತ್ರ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ. ವಕೀಲರ ಶುಲ್ಕದ ಭಯವಿದ್ದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಮಕ್ಕಳಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. 15100ಕ್ಕೆ ಕರೆ ಮಾಡಿದರೂ ಆದೀತು. ಇನ್ನು, ಚಿಕ್ಕ ಮಕ್ಕಳ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಅವಧಿ ಇರುತ್ತದೆ. ಕೊನೆಯ ದಿನಾಂಕ ನೋಡಿಕೊಳ್ಳಿ, ಪರೀಕ್ಷೆಯ ವರ್ಷದಲ್ಲಿ ಅದು ಮುಗಿದು ಹೋಗಿ ಒದ್ದಾಡುವವರಿಗೆ ಲೆಕ್ಕವಿಲ್ಲ.

ಶೇ. 40 ಇಲ್ಲದಿದ್ದರೆ ಏನೂ ಇಲ್ಲ ಎಂದು ಶಾಲೆಯ ಗುಮಾಸ್ತರು ಹೇಳುತ್ತಾರೆ. ಅದು ತಪ್ಪು. ಬರೆಯಲು ಸಹಾಯಕರು ಬೇಕೆಂದು ಕೇಳಲು ಶೇ. 40 ಇರಲೇಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದರ ಬೆನ್ನಿಗೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟಪಡುವವರಿಗೂ ಮಾರ್ಗಸೂಚಿ ತಂದಿತು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಅದರಲ್ಲಿತ್ತು. ಆದರೆ ಅದಕ್ಕೂ ವೈದ್ಯಕೀಯ ಮಂಡಳಿಯ ಬೇರೊಂದು ಪತ್ರ ಬೇಕಿತ್ತು. ಎರಡನೇ, ಮೂರನೇ ಭಾಷೆಯ ವಿನಾಯಿತಿಯ ಮಾತು ಅಂಗವಿಕಲರ ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ಎಸ್ಸೆಸ್ಸೆಲ್ಸಿಗೆ ಇವನ್ನೆಲ್ಲ ಶಾಲೆಯ ಮೂಲಕ ನೋಂದಣಿಯ ಹೊತ್ತಿಗೇ ಕೇಳಬೇಕು. ಹಾಲ್ ಟಿಕೆಟ್ ಬಂದ ಮೇಲೆ ಕೇಳಿದರೆ ಪರೀಕ್ಷಾ ಮಂಡಳಿಯವರು ಕೈ ಚೆಲ್ಲುತ್ತಾರೆ. ಎಡಿಎಚ್‌ಡಿ ಮಾತ್ರ ಇರುವ ಮಗುವಿಗೆ ವಿಕಾಸ್ ಕುಮಾರ್ ತೀರ್ಪಿನ ಆಧಾರದಲ್ಲಿ ವಾದಿಸಲು ಜಾಗವಿದೆ, ಗೆಲುವು ಖಚಿತ ಎಂದು ಹೇಳಲಾರೆ.

ಶಾಲೆಯ ಇನ್ನೊಂದು ಆಟ ಟಿ.ಸಿ.ಯದು. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು ಹೇಳುತ್ತದೆ. ಅದಕ್ಕೇ ಜಾಣ ಶಾಲೆ ಹೊರಹಾಕುವುದಿಲ್ಲ. "ನಿಮ್ಮ ಮಗನಿಗೆ ನಮ್ಮಲ್ಲಿ ಸರಿಹೋಗಲ್ಲ, ಒಂದು ಲೆಟರ್ ಬರೆದುಕೊಡಿ" ಎನ್ನುತ್ತದೆ. "ಸ್ವಂತ ಇಚ್ಛೆಯಿಂದ" ಎಂದು ನೀವೇ ಬರೆದು ಸಹಿ ಹಾಕಿದ ಮೇಲೆ ನ್ಯಾಯಾಲಯದಲ್ಲಿ ನಾನು ಹೇಳುವುದೇನು? "ನೀವೇ ಬರವಣಿಗೆಯಲ್ಲಿ ಕೊಡಿ" ಎನ್ನಿ. ಹೆಚ್ಚಿನ ಶಾಲೆಗಳು ಕೊಡುವುದಿಲ್ಲ, ಮಗು ಅಲ್ಲೇ ಉಳಿಯುತ್ತದೆ. ಆದರೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು, 2014ರ ಸುಪ್ರೀಂ ಕೋರ್ಟ್ ತೀರ್ಪಿದೆ. ಅಲ್ಲಿ ಅಂಗವಿಕಲರ ಕಾಯ್ದೆಯನ್ನೇ ಹಿಡಿಯಬೇಕು. ಬಿಇಒ ಕಚೇರಿ ದೂರಿಗೆ ಕದಲದಿದ್ದರೆ ಬೆಂಗಳೂರಿನ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೆಯಿರಿ. ವಿಚಾರಣೆಗೆ ಕರೆಸುವಾಗ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಕೊನೆಗೆ ಕೊಡುವುದು ಶಿಫಾರಸು ಅನ್ನುವುದೂ ನಿಜ, ಆದರೂ ಆಯುಕ್ತರ ನೋಟಿಸ್ ಕಂಡರೆ ಶಾಲೆಗಳ ದನಿ ತಗ್ಗುತ್ತದೆ.

ಥೆರಪಿಯ ಖರ್ಚಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ, ಕಲಿಕಾ ನ್ಯೂನತೆಗೆ ಇಲ್ಲ. ಬಿಲ್ಲು ಎಸೆಯಬೇಡಿ.

ಇದೇ ನಾಲ್ಕು ಗುಂಪಿನ ಮಕ್ಕಳಿಗೆ 18 ತುಂಬಿದ ದಿನ ಇನ್ನೊಂದು ಗಂಟು ಬೀಳುತ್ತದೆ. ಕಾನೂನಿನ ಕಣ್ಣಿಗೆ ಅವರು ವಯಸ್ಕರು, ನೀವು ಪಾಲಕರಲ್ಲ. ಬ್ಯಾಂಕಿನವರು ನಿಮ್ಮ ಸಹಿ ಒಪ್ಪುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವದ ಆದೇಶ ಪಡೆಯಬೇಕು. ಯಾವ ಯಾವ ಕೆಲಸಕ್ಕೆ ಪಾಲಕರು ಬೇಕು ಎಂದು ಸಮಿತಿ ನೋಡುತ್ತದೆ. ಬ್ಯಾಂಕು, ಆಸ್ತಿ, ಚಿಕಿತ್ಸೆ, ಬೇಕಾದ್ದನ್ನೆಲ್ಲ ಅರ್ಜಿಯಲ್ಲೇ ಬರೆಯಿರಿ. ಆದೇಶವಾದ ಆರು ತಿಂಗಳೊಳಗೆ ಮಗುವಿನ ಆಸ್ತಿಯ ಪಟ್ಟಿ, ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಸಲ್ಲಿಸಬೇಕು. ತಮ್ಮ ನಂತರ ಅಣ್ಣನೋ ಚಿಕ್ಕಪ್ಪನೋ ನೋಡಿಕೊಳ್ಳಲಿ ಎಂದು ಅವರ ಹೆಸರು ಕೊಡುವವರು ಈ ಲೆಕ್ಕದ ಮಾತನ್ನು ಮೊದಲೇ ಅವರಿಗೆ ತಿಳಿಸಿ. ಲೆಕ್ಕ ಕೊಡಬೇಕೆಂದ ಕೂಡಲೇ ಹಿಂದೆ ಸರಿಯುವ ಬಂಧು ಯಾರೆಂದು ಆಗಲೇ ಗೊತ್ತಾಗುತ್ತದೆ.