ಪ್ಲಗ್ ಬದಲಿಸಿದರೂ ಮಿಸ್ಸಿಂಗ್ ನಿಲ್ಲದಿದ್ದರೆ

ನಿಮ್ಮ ಪತ್ರದಲ್ಲೇ ಒಳ್ಳೆಯ ಸುಳಿವುಗಳಿವೆ. ಮಳೆಗಾಲದಲ್ಲಿ, ಅದೂ ಘಾಟಿ ಏರುವಾಗ ಮಿಸ್ಸಿಂಗ್ ಹೆಚ್ಚು. ಗ್ಯಾರೇಜಿನ ಸ್ಕ್ಯಾನರ್ ಪ್ರತಿಸಲ ತೋರಿಸಿದ್ದು ಪಿ0302. ಅಂದರೆ ಎರಡನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕೋಡ್ ಜಾಗ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಬರೀ ಪ್ಲಗ್ ಬದಲಿಸಿ ಕಳಿಸಿದ್ದು ಊಹೆಯ ರಿಪೇರಿ, ಅಷ್ಟೆ.

ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿಸಿ. ನಿಮ್ಮ ಕಾರಿನಲ್ಲಿ ಪ್ರತಿ ಪ್ಲಗ್‌ಗೂ ಪ್ರತ್ಯೇಕ ಕಾಯಿಲ್ ಇದೆ. ಇಂಜಿನ್ ತಣ್ಣಗಿದ್ದಾಗ ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿಸಿ, ಕೋಡ್ ಅಳಿಸಿ, ಅದೇ ಏರಿನಲ್ಲಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲೇ ಕಳ್ಳ. ಪಿ0302ರಲ್ಲೇ ನಿಂತರೆ ಪ್ಲಗ್, ಆಮೇಲೆ ಇಂಜೆಕ್ಟರ್ ಹೀಗೇ ಅದಲುಬದಲು ಮಾಡಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ವೈರಿಂಗ್ ಮತ್ತು ಕಂಪ್ರೆಶನ್ ನೋಡಲೇಬೇಕು.

ಪ್ಲಗ್ ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಕಂಡರೆ ಕರೆಂಟು ಹೊರಮೈಯಿಂದಲೇ ಸೋರಿಹೋಗುತ್ತಿದೆ. ಆಗ ಕಾಯಿಲ್‌ನ ರಬ್ಬರ್ ಬೂಟ್ ಬದಲಿಸದೆ ಎಷ್ಟು ಹೊಸ ಪ್ಲಗ್ ಹಾಕಿದರೂ ಅದೇ ಗತಿ. ತೇವ ಮತ್ತು ಏರಿನ ಲೋಡ್ ಎರಡೂ ಸೇರಿದಾಗ ತೊಂದರೆ ಕಾಣುವುದರಿಂದ ನನ್ನ ಮೊದಲ ಅನುಮಾನ ಇದೇ. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರ್ ಕಡೆಯ ಸೀಲನ್ನೂ ಹಾಕಿಸಿ.

ಚೆಕ್ ಇಂಜಿನ್ ದೀಪ ಮಿನುಗತೊಡಗಿದರೆ ಮಾತ್ರ ಗಾಡಿ ಪಕ್ಕಕ್ಕೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರಿನತ್ತ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಡುತ್ತದೆ. ಅದರ ಬಿಲ್ ಕಾಯಿಲ್‌ನದಕ್ಕಿಂತ ಬಹಳ ದೊಡ್ಡದು.