ಎತ್ತಿದ ಕೈಗಳನ್ನು ಎಣಿಸಿ ಮೋಸಹೋದ ಒಂದು ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಅಂಬ್ಲಿಗೊಳ ಜಲಾಶಯದ ಕಡೆಯ ಒಂದು ಪ್ರೌಢಶಾಲೆ. ಹತ್ತನೇ ತರಗತಿಗೆ ‘ಸಾಮಾಜಿಕ ಸ್ತರೀಕರಣ’ ಪಾಠ. ಪೂರ್ವಜ್ಞಾನ ಪರೀಕ್ಷಿಸುವಾಗ “ಯಾರ ಮನೆಯಲ್ಲಿ ಇಂಟರ್‌ನೆಟ್ ಇದೆ?” ಎಂದು ಕೇಳಿದೆ. 31 ಮಕ್ಕಳಲ್ಲಿ 29 ಕೈ ಮೇಲೆದ್ದವು. ಅದನ್ನು ನಂಬಿ ಮನೆಗೆಲಸ ಕೊಟ್ಟೆ: ಸಂವಿಧಾನದ 17ನೇ ವಿಧಿ ಏನು ಹೇಳುತ್ತದೆ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಮುಂದೆ ಏನಾಯಿತು, ಹುಡುಕಿ ಬರೆದು ತನ್ನಿ.

ಮಾರನೆಯ ದಿನ ತಂದವರು ಏಳು ಜನ. ಅಡಿಕೆ ತೋಟದ ಮನೆಯ ಒಬ್ಬ ಹುಡುಗ, ಆ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂದು ಹೆಸರು ಬದಲಿಸಿಕೊಂಡದ್ದನ್ನು ಬಣ್ಣದ ಪ್ರಿಂಟ್ ತೆಗೆಸಿ ತಂದಿದ್ದ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಫೋನು ಅಣ್ಣನ ಹತ್ರ ಇರುತ್ತೆ ಮೇಡಂ. ಅವನು ಶುಂಠಿ ಕೆಲಸ ಮುಗಿಸಿ ಬರೋದು ರಾತ್ರಿ. ಅಷ್ಟೊತ್ತಿಗೆ ನೆಟ್ ಖಾಲಿ” ಎಂದಳು. ನಾನು 24 ಹೆಸರುಗಳ ಮುಂದೆ ‘ಅಪೂರ್ಣ’ ಎಂದು ಬರೆದೆ. ದಾಖಲೆ ನೋಡಿದ ಮೇಲ್ವಿಚಾರಕರು ಕೇಳಿದ್ದು ಒಂದೇ ಮಾತು: “ಈ ಅಂಕ ಮಗುವಿಗೆ ಕೊಟ್ಟಿದ್ದಾ, ಮನೆಗಾ?” ಸ್ತರೀಕರಣದ ಪಾಠ ಮಾಡುತ್ತಲೇ ನಾನು ತರಗತಿಯನ್ನು ಸ್ತರ ಮಾಡಿಟ್ಟಿದ್ದೆ.

2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಮನೆಗಳಲ್ಲಿ ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಶೇ. 14.9ರಲ್ಲಿ, ನಗರದ ಮನೆಗಳಲ್ಲಿ ಶೇ. 42ರಲ್ಲಿ. ಜಿಯೋ ಬಂದ 2016ರಿಂದ ಡೇಟಾ ಅಗ್ಗವಾಗಿ, ‘ಇದೆಯೇ, ಇಲ್ಲವೇ’ ಎಂಬ ಪ್ರಶ್ನೆಯ ತೂಕ ಕಡಿಮೆಯಾಗುತ್ತ ಬಂದಿದೆ. ಬಳಸುವ ಬಗೆಯಲ್ಲಿನ ಅಂತರವನ್ನು ಎಸ್ಟರ್ ಹರ್ಗಿಟ್ಟಾಯ್ ಎಂಬ ಸಂಶೋಧಕಿ 2002ರಲ್ಲೇ ‘ಎರಡನೇ ಹಂತದ ಡಿಜಿಟಲ್ ಕಂದಕ’ ಎಂದು ಕರೆದಿದ್ದರು. ನಾನು ಮೊದಲ ಹಂತದಲ್ಲೇ ನಿಂತಿದ್ದೆ.

ಮುಂದಿನ ತರಗತಿಯಲ್ಲಿ ಕೈ ಎತ್ತಿಸಲಿಲ್ಲ, ಹೆಸರಿಲ್ಲದ ಚೀಟಿ ಬರೆಸಿದೆ. ಫೋನು ಯಾರದು? ನಿನ್ನ ಕೈಗೆ ಎಷ್ಟು ಹೊತ್ತಿಗೆ ಬರುತ್ತದೆ? ಮನೆಯವರು ಅದರಲ್ಲಿ ಏನು ಮಾಡುತ್ತಾರೆ? ತೋಟವಿರುವ ಮನೆಗಳ ಚೀಟಿಯಲ್ಲಿ ಅಡಿಕೆ ಧಾರಣೆಯ ವಾಟ್ಸಾಪ್ ಗುಂಪು, ಮಳೆ ಮುನ್ಸೂಚನೆ, ಅಕ್ಕನ ಸಿಇಟಿ ಪಾಠದ ವಿಡಿಯೊ. ಪಹಣಿಯನ್ನೂ ಮನೆಯಲ್ಲೇ ತೆಗೆಯುತ್ತಾರೆ. ಕೂಲಿಗೆ ಹೋಗುವ ಮನೆಗಳಲ್ಲಿ ಹಾಡು, ರೀಲ್ಸ್, ಬೆಂಗಳೂರಿಗೆ ದುಡಿಯಲು ಹೋದ ಚಿಕ್ಕಪ್ಪನ ಜತೆ ವಿಡಿಯೊ ಕಾಲ್. ಸರ್ಕಾರದ ಕೆಲಸವೆಂದರೆ ಗ್ರಾಮ ಒನ್ ಕೇಂದ್ರ. 2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಿದಾಗ ಟೈಪ್ ಮಾಡಿದವರು ಬೇರೆ. ಒಟಿಪಿ ಬಂದರೆ ಓದಿ ಹೇಳುವುದಷ್ಟೇ ಅಮ್ಮನ ಪಾಲಿನ ಇಂಟರ್‌ನೆಟ್.

ಬಡವರ ಮಕ್ಕಳು ಫೋನಿನಲ್ಲಿ ಕಾಲ ಕಳೆಯುತ್ತಾರೆ ಎಂದು ಬರೆಯಲು ಹೊರಟಿದ್ದೆ. (ಸ್ಟಾಫ್ ರೂಮಿನಲ್ಲಿ ಈ ಮಾತು ಸಲೀಸು. ನಾವು ನೋಡುವ ರೀಲ್ಸ್ ಲೆಕ್ಕ ಯಾರೂ ಇಡುವುದಿಲ್ಲ.) ಆದರೆ ಒಂದು ಚೀಟಿ ನನ್ನನ್ನು ತಡೆಯಿತು: ಅಪ್ಪನಿಗೆ ಓದು ಬಾರದ್ದರಿಂದ ತಾನು ಫೋನಿಗೆ ಬಾಯಲ್ಲೇ ಕೇಳಿ, ವಿಡಿಯೊ ನೋಡಿ, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡಿಕೊಟ್ಟದ್ದನ್ನು ಒಬ್ಬ ಬರೆದಿದ್ದ. ನನ್ನ ಮೌಲ್ಯಮಾಪನ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಹಾಗೆಂದು ಎರಡೂ ಸಮ ಎನ್ನಲಾರೆ. ಪರೀಕ್ಷೆಯಲ್ಲಿ ಕೇಳುವುದು 17ನೇ ವಿಧಿಯನ್ನು, ಪಂಪನ್ನಲ್ಲ.

ಅದೇ ಮನೆಗೆಲಸವನ್ನು ತರಗತಿಗೆ ತಂದೆ. ಮುಖ್ಯ ಶಿಕ್ಷಕರ ಅನುಮತಿ ಪಡೆದು ನನ್ನದೇ ಫೋನ್, ಆರು ಗುಂಪು. ಮನೆಯಲ್ಲಿ ಯಾರ ಕೈಗೆ ಫೋನು ಸಿಗುವುದು ಅಪರೂಪವೋ ಅವರೇ ಹಿಡಿಯಬೇಕು. ಎರಡೇ ನಿಮಿಷಕ್ಕೆ “ಕೊಡೇ ಇಲ್ಲಿ, ನಾನು ಬೇಗ ಹುಡುಕ್ತೀನಿ” ಎಂಬ ದನಿ ಕೇಳಿತು. ಪಕ್ಕದವರು ಹೇಳಿಕೊಡಬಹುದು, ಮುಟ್ಟುವಂತಿಲ್ಲ ಎಂದೆ. ಹಿಂದಿನ ಬೆಂಚಿನ ಹುಡುಗಿ ಕನ್ನಡ ಕೀಲಿಮಣೆಯಲ್ಲಿ ಒತ್ತಕ್ಷರಕ್ಕಾಗಿ ತಡಕಾಡಿದಳು. ಮೊದಲು ಸಿಕ್ಕ ಪುಟ ಯಾವುದೋ ಜಾಹೀರಾತು. ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ, 17ನೇ ವಿಧಿಯನ್ನು ಎದ್ದು ನಿಂತು ಓದಿದಳು.

ಎರಡು ಗುಂಪು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದ ನಾಲ್ಕಕ್ಕೆ ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಇನ್ನೆರಡು ಅವಧಿ ಪಡೆದೆ, ನನ್ನ ಘಟಕ ಯೋಜನೆ ಅಷ್ಟು ಹಿಂದೆ ಬಿತ್ತು. ಆ 24 ‘ಅಪೂರ್ಣ’ಗಳನ್ನು ಹೊಡೆದುಹಾಕಿ ಅಂಕಪಟ್ಟಿಯನ್ನು ಮೊದಲಿನಿಂದ ಬರೆದೆ.