ನೆರಡಿ ರೋಗಾಣುವಿನ ಕವಚ ಮತ್ತು ಲಸಿಕೆಯ ಗುಟ್ಟು

ಸಂಜೆ ಮೇಯ್ದು ಬಂದ ಎತ್ತು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿದ್ದರೆ ಹಾವು ಕಡಿದಿರಬೇಕೆಂದು ತಿಳಿಯುವುದುಂಟು. ಆದರೆ ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಂತಹ ಊರುಗಳಲ್ಲಿ ದನ, ಎಮ್ಮೆ, ಕುರಿ ಸಾಕುವವರೆಲ್ಲರೂ ಈ ರೋಗದ ಬಗ್ಗೆ ತಿಳಿದಿರಬೇಕು.

ಕವಚ ಹೇಗೆ ಆಗುತ್ತದೆ?

ರಕ್ತದಲ್ಲಿರುವ ಬಿಳಿ ಕಣಗಳು ಒಳಹೊಕ್ಕ ರೋಗಾಣುಗಳನ್ನು ನುಂಗಿ ಕೊಲ್ಲುತ್ತವೆ. ಇದರಿಂದ ಪಾರಾಗಲು ನೆರಡಿ ರೋಗಾಣುವು, ಕುರಿಗಾಹಿ ಮಳೆಗೆ ಕಂಬಳಿ ಹೊದ್ದಂತೆ, ಮೈಸುತ್ತ ಕವಚ ಹೊದೆಯುತ್ತದೆ. ಇದನ್ನು ನೇಯುವವು ಕಿಣ್ವಗಳು. ಕ್ಯಾಪ್-ಬಿ ಮತ್ತು ಕ್ಯಾಪ್-ಸಿ ಎಂಬುವು ಗ್ಲುಟಾಮಿಕ್ ಆಮ್ಲದ ಕಣಗಳನ್ನು ಒಂದಕ್ಕೊಂದು ಪೋಣಿಸಿ ಎಳೆ ಮಾಡುತ್ತವೆ. ಕ್ಯಾಪ್-ಡಿ ಎಂಬುದು ಆ ಎಳೆಗಳನ್ನು ರೋಗಾಣುವಿನ ಗೋಡೆಗೆ ಬಿಗಿಯುತ್ತದೆ. ಪ್ರಾಣಿಯ ದೇಹದೊಳಗೆ ಈ ಕೆಲಸ ಚುರುಕಾಗಿ ನಡೆಯುತ್ತದೆ.

ಪಶುವೈದ್ಯರು ರಕ್ತದ ಲೇಪಕ್ಕೆ ಮೆಥಿಲೀನ್ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನೀಲಿ ಕಡ್ಡಿಗಳ ಸುತ್ತ ನಸುಗೆಂಪಾಗಿ ಕಾಣುವುದು ಈ ಕವಚವೇ.

ಲಸಿಕೆಯ ಗುಟ್ಟು

1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಪಶುವೈದ್ಯ ಮ್ಯಾಕ್ಸ್ ಸ್ಟರ್ನ್ ಅವರು ಕವಚವಿಲ್ಲದ ನೆರಡಿ ರೋಗಾಣುವಿನ ತಳಿಯನ್ನು ಪಡೆದರು. ಕವಚದ ಕಿಣ್ವಗಳನ್ನು ಮಾಡಿಸುವ ವಂಶವಾಹಿಗಳೇ ಅದರಲ್ಲಿಲ್ಲವೆಂದು ಮುಂದೆ ತಿಳಿದುಬಂದಿತು. ದೇಹ ಸೇರಿದ ಈ ತಳಿಯನ್ನು ಬಿಳಿ ಕಣಗಳು ಸುಲಭವಾಗಿ ನುಂಗುತ್ತವೆ. ಅಷ್ಟರಲ್ಲಿ ದೇಹವು ರೋಗವನ್ನು ಎದುರಿಸಲು ಕಲಿಯುತ್ತದೆ. ಇಂದಿಗೂ ದನಕರುಗಳಿಗೆ ಹಾಕುವ ಲಸಿಕೆ ಇದೇ ತಳಿಯದು.

ಇದು ಜೀವಂತ ಲಸಿಕೆ. ಆದ್ದರಿಂದ ಹಾಕಿಸುವ ದಿನಗಳಲ್ಲಿ ಪೆನಿಸಿಲಿನ್‌ನಂತಹ ಔಷಧ ಕೊಟ್ಟರೆ ಲಸಿಕೆಯೇ ಸತ್ತು ವ್ಯರ್ಥವಾಗುತ್ತದೆ.

ರೈತರು ಪಾಲಿಸಬೇಕಾದ ಕ್ರಮಗಳು

1. ರೋಗ ಕಂಡ ಊರುಗಳಲ್ಲಿ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಬೇಕು.

2. ಸಂಶಯ ಬಂದ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಗಾಳಿ ತಗುಲಿದರೆ ರೋಗಾಣುಗಳು ಬೀಜಕಣಗಳಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತವೆ.

3. ಪಶುವೈದ್ಯರಿಗೆ ಕೂಡಲೇ ತಿಳಿಸಿ, ಅವರು ಹೇಳಿದಂತೆ ಹೆಣವನ್ನು ಸುಡಬೇಕು ಇಲ್ಲವೆ ಆಳವಾಗಿ ಹೂಳಬೇಕು.

4. ಹೆಣ ಮುಟ್ಟಿದವರ ಮೈಮೇಲೆ ನೋವಿಲ್ಲದ ಕಪ್ಪು ಹುಣ್ಣು ಎದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೇಗ ಚಿಕಿತ್ಸೆ ಪಡೆದರೆ ಗುಣವಾಗುತ್ತದೆ.

ಒಂದು ಚರ್ಮದ ಆಸೆಗೆ ಊರ ಗೋಮಾಳವನ್ನೇ ಕೆಡಿಸಿಕೊಳ್ಳಬಾರದು.